ಕುಟ್ಟನಾಡಿನ ಬಾತುಗಳೂ ನಮ್ಮ ಹಿತ್ತಿಲೂ

ಪಾಠ ಹೇಳುವ ಕೆಲಸದಲ್ಲಿ 36 ವರ್ಷಗಳನ್ನು ಕಳೆದು ನಿವೃತ್ತರಾದವರಿಗೆ ಎರಡು ವ್ಯಸನಗಳು ಅಂಟಿಕೊಳ್ಳುವುದುಂಟು. ಒಂದು, ಕಂಡವರಿಗೆಲ್ಲ ಉಪದೇಶ ಮಾಡುವುದು. ಇನ್ನೊಂದು, ತಮಗೆ ತಿಳಿಯದುದು ಯಾವುದೂ ಇಲ್ಲವೆಂದು ಭಾವಿಸುವುದು. ನಮಗೆ ಎರಡೂ ಅಂಟಿದ್ದುವು. ಮೊದಲನೆಯದು ಇನ್ನೂ ಬಿಟ್ಟಿಲ್ಲವೆಂಬುದಕ್ಕೆ ಈ ಬರೆಹವೇ ಸಾಕ್ಷಿ. ಎರಡನೆಯದನ್ನು 12 ಬಾತುಮರಿಗಳು ಬಿಡಿಸಿದುವು. ಹೇಗೆಂಬುದನ್ನು ವಾಚಕ ಮಹಾಶಯರಲ್ಲಿ ನಿವೇದಿಸಿಕೊಂಡರೆ, ಹಿತ್ತಿಲಿನಲ್ಲಿ ಬಾತು ಸಾಕಬೇಕೆಂದಿರುವ ಗೃಹಸ್ಥರಿಗೆ ಸ್ವಲ್ಪ ಪ್ರಯೋಜನವಾದೀತು. ನಮ್ಮ ಮನಸ್ಸಿಗೂ ಸ್ವಲ್ಪ ಹಗುರವಾದೀತು.

ನಮ್ಮ ಊರು ತೀರ್ಥಹಳ್ಳಿಯ ಸೀಮೆಯಲ್ಲಿ, ತುಂಗೆಗೆ ಸಮೀಪವಾಗಿರುವ ಒಂದು ಹಳ್ಳಿ. ಹಿರಿಯ ಮಗನು ಕೇರಳದ ಆಲಪ್ಪುಳದಲ್ಲಿ ಬ್ಯಾಂಕಿನ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷ ಏಪ್ರಿಲ್ ತಿಂಗಳಿನಲ್ಲಿ, ಶಾಲೆಗಳಿಗೆ ಬಿಡುವಾದೊಡನೆ, ನಾವು ನಮ್ಮ ಗೃಹಿಣಿಯನ್ನೂ, ನಮ್ಮೊಡನೆಯೇ ಇರುವ ಕಿರಿಯ ಮಗನ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಪ್ರಯಾಣ ಮಾಡಿದೆವು. ಆಗುಂಬೆಯ ಘಟ್ಟವನ್ನಿಳಿದು ಮಂಗಳೂರನ್ನು ಸೇರಿ, ಸಂಜೆಯ ರೈಲನ್ನು ಹತ್ತಿ, ಮಾರನೆಯ ದಿನ ಬೆಳಕು ಹರಿಯುವುದಕ್ಕೆ ಮೊದಲೇ ಆಲಪ್ಪುಳದಲ್ಲಿ ಇಳಿದೆವು. ಬೆಟ್ಟದ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ, ಕಣ್ಣು ಹಾಯುವಷ್ಟು ದೂರವೂ ಒಂದು ದಿಣ್ಣೆಯೂ ಕಾಣದ ಆ ನೆಲವು ಮೊದಲ ದಿನ ಸ್ವಲ್ಪ ಭಯವನ್ನೇ ಉಂಟುಮಾಡಿತೆಂದರೆ ತಪ್ಪಲ್ಲ.

ಕುಟ್ಟನಾಡನ್ನು ನೋಡಬೇಕಾದರೆ ದೋಣಿಯಲ್ಲಿಯೇ ನೋಡತಕ್ಕದ್ದು. ನಮ್ಮ ಕಡೆ ಬಸ್ಸು ಊರೂರಿಗೆ ಹೋಗುವಂತೆ ಅಲ್ಲಿ ಸರಕಾರದ ಜಲಸಾರಿಗೆಯ ದೋಣಿಗಳು ಊರೂರಿಗೆ ಹೋಗುತ್ತವೆ. ಶಾಲೆಯ ಉಪಾಧ್ಯಾಯರು, ಮೀನಿನ ಬುಟ್ಟಿಯವರು, ಔಷಧಕ್ಕೆ ಹೋಗುವ ಮುದುಕರು, ಎಲ್ಲರೂ ಒಂದೇ ದೋಣಿಯಲ್ಲಿ. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ಎಂಬ ನದಿಗಳು ವೇಂಬನಾಡು ಎಂಬ ವಿಸ್ತಾರವಾದ ಹಿನ್ನೀರಿನ ಸರೋವರವನ್ನು ಸೇರುವ ತಗ್ಗಿನ ಸೀಮೆಯಿದು. ಇಲ್ಲಿಯ ಗದ್ದೆಗಳು ಸಮುದ್ರದ ಮಟ್ಟಕ್ಕಿಂತ ಕೆಳಗಿರುತ್ತವೆ. ಕೆಲವೆಡೆ ಆಳಿನುದ್ದಕ್ಕೂ ಮಿಕ್ಕಿ ಕೆಳಗೆ. ಸುತ್ತಲೂ ಏರಿ ಕಟ್ಟಿ, ಒಳಗಿನ ನೀರನ್ನು ಯಂತ್ರದಿಂದ ಹೊರಕ್ಕೆತ್ತಿ, ಆ ಕೆಸರಿನಲ್ಲಿ ಬತ್ತವನ್ನು ಬೆಳೆಯುತ್ತಾರೆ. ನೀರು ಮೇಲೆ, ಪೈರು ಕೆಳಗೆ! ದೋಣಿಯಲ್ಲಿ ಕುಳಿತವರು ತಲೆ ಬಗ್ಗಿಸಿ ಗದ್ದೆಯನ್ನು ನೋಡಬೇಕಾದ ದೇಶವು ಇನ್ನೆಲ್ಲಿಯಾದರೂ ಉಂಟೇ ಎಂದು ನಮ್ಮ ಗೃಹಿಣಿಯು ಬೆರಗಾದಳು. ಈ ಬೇಸಾಯ ಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು 2013ರಲ್ಲಿ ಲೋಕದ ಪಾರಂಪರಿಕ ಕೃಷಿಪದ್ಧತಿಗಳಲ್ಲೊಂದೆಂದು ಮನ್ನಿಸಿದ್ದಾರೆ.

‘ಪುಂಜ’ ಎಂಬ ಅಲ್ಲಿಯ ಮುಖ್ಯ ಬೆಳೆಯ ಕೊಯ್ಲು ಆಗತಾನೇ ಮುಗಿಯುತ್ತಿದ್ದಿತು. ನೆಡುಮುಡಿಯ ಆಚೆ ಒಂದು ಕಾಲುವೆಯ ತಿರುವಿನಲ್ಲಿ ನಮ್ಮ ದೋಣಿಯು ಇದ್ದಕ್ಕಿದ್ದಂತೆ ನಿಧಾನವಾಯಿತು. ಎದುರಿಗೆ ಕಾಲುವೆಯ ಈ ದಡದಿಂದ ಆ ದಡದವರೆಗೆ ನೀರೇ ಕಾಣದಂತೆ ಬಾತುಗಳು! ಸಾವಿರಕ್ಕೆ ಕಡಮೆಯಿರಲಾರವು. ಅವುಗಳ ಹಿಂದೆ ಒಂದು ಸಣ್ಣ ದೋಣಿಯಲ್ಲಿ ಒಬ್ಬ ವೃದ್ಧನು ನಿಂತು, ಉದ್ದನೆಯ ಗಳುವನ್ನು ನೀರಿನ ಮೇಲೆ ಮೆಲ್ಲನೆ ಆಡಿಸುತ್ತಿದ್ದನು. ಬಡಿಯಲಿಲ್ಲ, ಕೂಗಲಿಲ್ಲ. ಗಳುವಿನ ತುದಿಯು ಎಡಕ್ಕೆ ಬಂದರೆ ಆ ಸಾವಿರ ಬಾತುಗಳೂ ಬಲಕ್ಕೆ ಸರಿಯುವುವು. ಬಲಕ್ಕೆ ಬಂದರೆ ಎಡಕ್ಕೆ. 40 ಮಕ್ಕಳ ತರಗತಿಯನ್ನು ಬೆತ್ತವಿಲ್ಲದೆ ಆಳಲು ಎಷ್ಟೋ ವರ್ಷ ಒದ್ದಾಡಿದ ನಮಗೆ ಆ ಮನುಷ್ಯನಲ್ಲಿ ಗೌರವವುಂಟಾದುದು ಸಹಜವೇ.

ಮಗನ ಪರಿಚಯದವರೊಬ್ಬರ ಮುಖಾಂತರ ಸಾಯಂಕಾಲ ಅವನನ್ನು ಕಾಣಲು ಹೋದೆವು. ಕೊಯ್ದ ಗದ್ದೆಯಲ್ಲಿ ಉದುರಿದ ಕಾಳು, ಬಸವನಹುಳು, ಸಣ್ಣ ಮೀನು, ಕೀಟ, ಇವೇ ಆ ಹಿಂಡಿನ ಆಹಾರ. ಬಾತುಗಳು ಮೇಯ್ದ ಗದ್ದೆಗೆ ಗೊಬ್ಬರವೂ ದೊರೆಯುವುದು. ಒಂದು ಬಯಲು ಮುಗಿದರೆ ಇನ್ನೊಂದಕ್ಕೆ. ಹೀಗೆ ಕೊಯ್ಲನ್ನು ಹಿಂಬಾಲಿಸಿಕೊಂಡು ತಿಂಗಳುಗಟ್ಟಲೆ ಅಲೆದಾಟ. ರಾತ್ರಿ ಏರಿಯ ಮೇಲೆ ಬಲೆಯ ಬೇಲಿಯೊಳಗೆ ಕೂಡಿ, ಬೆಳಗ್ಗೆ ಮೊಟ್ಟೆಗಳನ್ನು ಆಯ್ದುಕೊಂಡ ಮೇಲೆಯೇ ಹೊರಕ್ಕೆ ಬಿಡುವರು. ಬಾತು ಬೆಳಗಿನ ಜಾವದಲ್ಲಿಯೇ ಮೊಟ್ಟೆಯಿಡುವ ಪಕ್ಷಿಯಾದುದರಿಂದ ತಡವಾಗಿ ಬಿಟ್ಟರೆ ನಷ್ಟವಿಲ್ಲ. ‘ಚಾರ’, ‘ಚೆಂಬಲ್ಲಿ’ ಎಂದು ಅಲ್ಲಿಯ ನಾಟಿ ಬಾತುಗಳಲ್ಲಿ ಎರಡು ಜಾತಿ. ಮೊದಲನೆಯದು ಕಪ್ಪು ಮಿಶ್ರವಾದ ಕಂದು, ಎರಡನೆಯದು ಕೆಂಪು ಛಾಯೆಯ ಕಂದು.

ಆ ವೃದ್ಧನು ಮಾತು ಕಡಮೆಯವನು. 2014ರ ನವೆಂಬರಿನಲ್ಲಿ ಹಕ್ಕಿಜ್ವರವು ಆ ಸೀಮೆಗೆ ಬಂದಾಗ ಸರಕಾರದವರು ರೋಗ ಹರಡದಂತೆ ಲಕ್ಷಾಂತರ ಬಾತುಗಳನ್ನು ಕೊಂದು ಸುಡಬೇಕಾಯಿತಷ್ಟೆ. ಅವನ ಹಿಂಡೂ ಅದರಲ್ಲಿ ಹೋಯಿತು. ಪರಿಹಾರ ಬಂದಿತು, ಮತ್ತೆ ಮರಿಗಳನ್ನು ತಂದೆನು ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದಿನ ಸಂಜೆ ಗಳು ಹಿಡಿಯಲು ಕೆಲಸವಿರಲಿಲ್ಲ” ಎಂದನು. ಮಗನು ಇದನ್ನು ಕನ್ನಡಿಸಿ ಹೇಳಿದಾಗ ನಾವು ಯಾರೂ ಮಾತಾಡಲಿಲ್ಲ.

ಹೊರಡುವಾಗ ಅವನು ಮರಿಗಳಿಗೆ ತಿನಿಸು ಹಾಕುತ್ತಿದ್ದನು. ಚೀಲದಿಂದ ಒಂದೊಂದು ಹಿಡಿಯನ್ನೂ ಮೂಗಿನ ಬಳಿಗೆ ತಂದು, ಮೂಸಿ, ಅನಂತರ ತಟ್ಟೆಗೆ ಸುರಿಯುತ್ತಿದ್ದನು. ಮೊಮ್ಮಗಳು, “ಅಜ್ಜಾ, ಆ ತಾತ ಯಾಕೆ ಮೂಸಿ ನೋಡುತ್ತಾರೆ?” ಎಂದು ಕೇಳಿದಳು. ನಾವು, “ಅದು ಅವರ ಅಭ್ಯಾಸ” ಎಂದೆವು. ತಿಳಿಯದುದನ್ನು ತಿಳಿದವನಲ್ಲಿ ಕೇಳುವುದಕ್ಕೆ ಎರಡು ಮಾರಿನ ದೂರವೂ ಇರಲಿಲ್ಲ, ಕೇಳಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ರೈಲಿನಲ್ಲಿ ಹಿಂದಿರುಗುವಾಗಲೇ ಮೊಮ್ಮಗಳು ಬಾತುಮರಿ ಬೇಕೆಂದು ಹಟ ಹಿಡಿದಳು. ನಮಗೂ ಒಳಗೊಳಗೆ ಆಸೆಯಿದ್ದಿತು. ನಮ್ಮ ಹಿತ್ತಿಲಿನ ಬಸಳೆ, ತೊಂಡೆ, ಸೊಪ್ಪಿನ ಮಡಿಗಳಿಗೆ ಮಳೆಗಾಲದಲ್ಲಿ ಗೊಂಡೆಹುಳು ಬಸವನಹುಳುಗಳ ಕಾಟ ಹೇಳತೀರದು. ಔಷಧ ಸಿಂಪಡಿಸಲು ಮನಸ್ಸು ಬಾರದು. ಗೃಹಿಣಿಯು ಮಾತ್ರ, “ಮೊಟ್ಟೆ ತಿನ್ನದ ಮನೆಗೆ ಬಾತು ಯಾಕೆ? ಇಟ್ಟ ಮೊಟ್ಟೆ ಏನು ಮಾಡುತ್ತೀರಿ?” ಎಂದು ಕೇಳಿದಳು. ತೋಟದ ಕೆಲಸಕ್ಕೆ ಬರುವ ಹೆಣ್ಣುಮಗಳ ಮನೆಯಲ್ಲಿ ಎರಡು ಬಡಕಲು ಮಕ್ಕಳಿವೆ, ಅವರಿಗಾಯಿತು ಎಂದೆವು. ಆ ಉತ್ತರಕ್ಕೆ ಅವಳು ಒಪ್ಪಿದಳು.

ಇಲ್ಲಿ ಒಂದು ಮಾತು. ಬಾತು ಎಂಬ ಶಬ್ದವು ಪಾರಸಿ ಅರಬ್ಬಿಗಳ ಕಡೆಯಿಂದ ಬಂದುದು. ನಮ್ಮ ಕೋಶಗಳಲ್ಲಿ ಹಂಸ, ಚಕ್ರವಾಕ, ಕಾರಂಡವಗಳಿಗೆ ಇರುವ ಮರ್ಯಾದೆಯು ಈ ಬಡಪಕ್ಷಿಗೆ ದೊರೆತಿಲ್ಲ. ಆದರೆ ನೀರನ್ನು ಬಿಟ್ಟು ಹಾಲನ್ನು ಹೀರುವ ಹಂಸಕ್ಷೀರನ್ಯಾಯವೆಂದು ಶಾಸ್ತ್ರಕಾರರು ಹೇಳುವರಲ್ಲವೆ? ಬಾತಿನ ಕೊಕ್ಕನ್ನು ಬಿಡಿಸಿ ನೋಡಿರಿ. ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲುಗಳಂತಹ ಸಣ್ಣ ಸಾಲುಗಳಿರುತ್ತವೆ. ಕೆಸರುನೀರನ್ನು ಬಾಯಿತುಂಬ ತೆಗೆದುಕೊಂಡು, ಈ ಜರಡಿಯ ಮೂಲಕ ನೀರನ್ನು ಹೊರಕ್ಕೆ ಬಿಟ್ಟು, ಕಾಳು ಹುಳುಗಳನ್ನು ಒಳಗೆ ಉಳಿಸಿಕೊಳ್ಳುತ್ತದೆ. ಹಾಲಿನ ವಿಷಯ ಹೇಗೇ ಇರಲಿ, ಸಾರವನ್ನು ಅಸಾರದಿಂದ ಬೇರ್ಪಡಿಸುವ ವಿದ್ಯೆಯು ಈ ಕುಲಕ್ಕೆ ಇದ್ದೇ ಇದೆ. ಇದನ್ನು ನಾವು ಮೊಮ್ಮಗಳಿಗೆ ಬಹು ಉತ್ಸಾಹದಿಂದ ಬೋಧಿಸಿದೆವು.

ಜೂನ್ ಕೊನೆಯ ವಾರ ಒಬ್ಬ ಸಾಕಣೆದಾರರಿಂದ 12 ಮರಿಗಳನ್ನು ತಂದೆವು. ಅವು ಖಾಕಿ ಕ್ಯಾಂಪ್‌ಬೆಲ್ ಎಂಬ ಜಾತಿ. ಇಂಗ್ಲೆಂಡಿನಲ್ಲಿ ಕ್ಯಾಂಪ್‌ಬೆಲ್ ಎಂಬ ಗೃಹಿಣಿಯೊಬ್ಬರು 19ನೆಯ ಶತಮಾನದ ಕೊನೆಯಲ್ಲಿ ತಮ್ಮ ಮನೆಯಲ್ಲಿಯೇ ಬೆಳೆಸಿದ ತಳಿಯಿದು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರವರೆಗೆ ಮೊಟ್ಟೆಯಿಡುವುದು, ಆದರೆ ಕಾವಿಗೆ ಕೂರುವುದು ಅಪರೂಪ. ಆದ್ದರಿಂದ ಮರಿ ಬೇಕಾದವರು ಮೊಟ್ಟೆಗಳನ್ನು ನಾಟಿ ಕೋಳಿಯ ಕೆಳಗೆ ಇಡಬೇಕು. ಕೋಳಿಮರಿಗೆ 21 ದಿನವಾದರೆ ಬಾತುಮರಿಗೆ 28 ದಿನ. ಒಂದು ವಾರ ಹೆಚ್ಚಾಗಿ ಕೂರಬೇಕಾದ ಆ ತಾಯಿಗೆ ದಿನವೂ ಹೊರಬಂದು ತಿನ್ನಲು ಬಿಡುವು ಕೊಡತಕ್ಕದ್ದು.

ಮರಿಗಳ ಮೊದಲ ವಾರದ ಕ್ರಮವನ್ನು ಸಂಗ್ರಹವಾಗಿ ಹೇಳುವೆವು. ಅಗಲವಾದ ಬಿದಿರಿನ ಬುಟ್ಟಿಯ ತಳಕ್ಕೆ ಮೊದಲೆರಡು ದಿನ ಗೋಣಿಯನ್ನು ಹಾಸಬೇಕು. ಹಳೆಯ ಪತ್ರಿಕೆಯ ಕಾಗದವು ಜಾರುವುದರಿಂದ ಕಾಲುಗಳು ಸೊಟ್ಟಗಾಗುತ್ತವೆ. ಆಮೇಲೆ ಒಣ ಬತ್ತದ ಹೊಟ್ಟು. ಮೇಲುಗಡೆ ಒಂದು ದೀಪದ ಬಲ್ಬನ್ನು ತೂಗಹಾಕಿ, ಬುಟ್ಟಿಯ ಒಳಗಣ ಶಾಖವು ಮೊದಲ ವಾರ ಸುಮಾರು 30 ಡಿಗ್ರಿಗಿಂತ ತುಸು ಮೇಲಿರುವಂತೆ ನೋಡಿಕೊಂಡು, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸಬೇಕು. ಮಾಪಕವಿಲ್ಲದವರು ಮರಿಗಳನ್ನೇ ನೋಡಲಿ: ಗುಂಪುಕೂಡಿ ಒಂದರ ಮೇಲೊಂದು ಹತ್ತಿದರೆ ಚಳಿ, ಬಾಯಿಬಿಟ್ಟುಕೊಂಡು ದೂರ ಸರಿದರೆ ಸೆಕೆ, ಹರಡಿಕೊಂಡು ನಿದ್ರಿಸಿದರೆ ಸರಿ. ಕುಡಿಯುವ ನೀರು ಕೊಕ್ಕು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಬೇಕು, ಮರಿ ಒಳಕ್ಕೆ ಬೀಳುವಷ್ಟು ಅಗಲವಿರಕೂಡದು. ತಟ್ಟೆಯಲ್ಲಿ ನಾಲ್ಕು ಕಲ್ಲುಗಳನ್ನಿಟ್ಟರಾಯಿತು. ತಾಯಿಯಿಲ್ಲದ ಎಳೆಯ ಮರಿಗಳನ್ನು ಮೊದಲ ವಾರಗಳಲ್ಲಿ ಕೊಳಕ್ಕೆ ಬಿಡಬಾರದು. ತುಪ್ಪುಳು ತೊಯ್ದು ಚಳಿಯಿಂದ ಸಾಯುವುವು. ಕೋಳಿಮರಿಯ ತಿನಿಸನ್ನೇ ಕೊಡುವುದಾದರೆ ಅದರೊಡನೆ ತೌಡನ್ನು ಸೇರಿಸಬೇಕು. ನಯಾಸಿನ್ ಎಂಬ ಜೀವಸತ್ವವು ಬಾತುಮರಿಗಳಿಗೆ ಹೆಚ್ಚಾಗಿ ಬೇಕು, ಅದು ಸಾಲದಿದ್ದರೆ ಕಾಲುಗಳು ಬಲಹೀನವಾಗುತ್ತವೆ. ಎತ್ತುವಾಗ ಎಂದಿಗೂ ಕಾಲನ್ನು ಹಿಡಿದೆತ್ತಕೂಡದು. ಎರಡು ಕೈಗಳಿಂದ ಮೈಯನ್ನು ಆಧರಿಸಬೇಕು.

ಇದೆಲ್ಲವನ್ನೂ ನಾವು ಅಕ್ಷರಶಃ ಪಾಲಿಸಿದೆವು. ಮರಿಗಳು ಮೊಮ್ಮಗಳನ್ನೇ ತಾಯಿಯೆಂದು ತಿಳಿದು ಅವಳ ಹಿಂದೆ ಅಂಗಳದಲ್ಲಿ ಸಾಲಾಗಿ ನಡೆಯತೊಡಗಿದುವು. ಮೊಟ್ಟೆಯೊಡೆದು ಬಂದ ಮರಿಯು ಮೊದಲು ಕಂಡುದನ್ನು ತಾಯಿಯೆಂದು ಹಿಂಬಾಲಿಸುವ ಈ ಸ್ವಭಾವವನ್ನು ಬಹುಕಾಲ ಪರಿಶೀಲಿಸಿದ ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ ಎಂಬ ವಿದ್ವಾಂಸರಿಗೆ 1973ರಲ್ಲಿ ನೊಬೆಲ್ ಬಹುಮಾನವೇ ದೊರೆಯಿತು. ಶಾಲೆಯಿಂದ ಬಂದ ಕೂಡಲೆ ಚೀಲವನ್ನು ಎಸೆದು ಬುಟ್ಟಿಯ ಬಳಿಗೆ ಓಡುವುದೇ ನಮ್ಮ ಮಗುವಿನ ಕೆಲಸವಾಯಿತು.

ಮೂರು ವಾರ ಕಳೆಯಿತು. ಆಷಾಢದ ಮಳೆ ಹಿಡಿದುಕೊಂಡಿತು. ಪೇಟೆಯಿಂದ ತಂದ ತಿನಿಸು ಮುಗಿಯಿತು. ರಸ್ತೆಗೆ ಮರ ಬಿದ್ದು ಸಂಚಾರ ಕೆಟ್ಟಿತು. ಕೊಟ್ಟಿಗೆಯಲ್ಲಿ ಹಸುವಿಗೆಂದು ತಂದ ಕಡಲೆಕಾಯಿ ಹಿಂಡಿ ಅರ್ಧ ಚೀಲ ಉಳಿದಿದ್ದಿತು. ಗೋಡೆಯ ತಂಪಿಗೆ ಅದರ ಒಂದು ಮಗ್ಗುಲಿಗೆ ಹಸಿರು ಬೂಷ್ಟು ಹತ್ತಿತ್ತು. ಹಣ ಕೊಟ್ಟ ಪದಾರ್ಥವನ್ನು ಎಸೆಯುವುದು ನಮ್ಮ ಜಾಯಮಾನವಲ್ಲ. ಬೂಷ್ಟನ್ನು ಒರೆಸಿ, ಒಲೆಯ ಮೇಲೆ ಒಣಗಿಸಿ, ನುಚ್ಚಿನೊಡನೆ ಬೇಯಿಸಿ ಹಾಕಿದೆವು. ಬೆಂದಮೇಲೆ ದೋಷವೆಲ್ಲಿಯದು ಎಂದು ನಮ್ಮ ತರ್ಕ. ವಾರವೊಂದು ಹೀಗೆಯೇ ಸಾಗಿತು.

ಒಂದು ಭಾನುವಾರ ಮಳೆ ಸ್ವಲ್ಪ ಹೊಳವಾದಾಗ ಮೊಮ್ಮಗಳು ನಮ್ಮನ್ನು ಕೇಳದೆಯೇ ಮರಿಗಳನ್ನು ತೋಟದ ಬಸಿಗಾಲುವೆಗೆ ಕರೆದೊಯ್ದು ಅರ್ಧ ಗಳಿಗೆ ಆಡಿಸಿದಳು. ಸೋಮವಾರ ಬೆಳಗ್ಗೆ ಎರಡು ಮರಿಗಳು ಸತ್ತಿದ್ದುವು. ಇನ್ನು ಕೆಲವು ತಿನಿಸನ್ನು ಮುಟ್ಟದೆ, ತೂರಾಡುತ್ತ, ಮೂಲೆ ಸೇರಿದ್ದುವು. ನಮಗೆ ಕಾರಣವು ಸೂರ್ಯಪ್ರಕಾಶದಂತೆ ಸ್ಪಷ್ಟವಾಗಿದ್ದಿತು. “ನೀರಿಗೆ ಬಿಡಬೇಡವೆಂದು ಎಷ್ಟು ಸಲ ಹೇಳಿದ್ದೆ? ಚಳಿಗೆ ಸತ್ತವು. ಇದು ನಿನ್ನ ಕೆಲಸ” ಎಂದು ಗದರಿಸಿಬಿಟ್ಟೆವು. ಮಗು ಎದುರು ಮಾತಾಡಲಿಲ್ಲ. ಆ ದಿನ ಊಟವನ್ನೂ ಮಾಡಲಿಲ್ಲ. ಬುಧವಾರದ ಹೊತ್ತಿಗೆ ಸತ್ತವು ಏಳಾದುವು. ಪ್ರಾಣ ಹೋಗುವಾಗ ಅವುಗಳ ಕತ್ತು ಹಿಂದಕ್ಕೆ ಬಾಗುತ್ತಿದ್ದಿತು. ಕಾಲುಗಳು ನೇರಿಳೆಯ ಬಣ್ಣಕ್ಕೆ ತಿರುಗಿದ್ದುವು. ಒಂದೊಂದು ಸಾವಿಗೂ ಮಗು ಬಾಗಿಲ ಹಿಂದೆ ನಿಂತು ನಮ್ಮ ಮುಖವನ್ನು ನೋಡುತ್ತಿದ್ದಳು.

ಅಂದು ತಾಲ್ಲೂಕಿನ ಪಶುವೈದ್ಯರು ಬಂದರು. ಇನ್ನೂ ತರುಣರು. ಸತ್ತ ಮರಿಯೊಂದನ್ನು ಕೊಯ್ದು ಯಕೃತ್ತನ್ನು ನೋಡಿ, “ಏನು ತಿನ್ನಿಸುತ್ತಿದ್ದಿರಿ, ಮೇಷ್ಟ್ರೇ?” ಎಂದು ಕೇಳಿದರು. ನಾವು ನುಚ್ಚು, ತೌಡು, ಸೊಪ್ಪು ಎಂದೆವು. ಅಷ್ಟು ಹೇಳಿ ನಿಲ್ಲಿಸಿದೆವು. ಏಕೆ ನಿಲ್ಲಿಸಿದೆವೆಂಬುದನ್ನು ಇಂದೂ ನಮಗೆ ನಾವೇ ಪೂರ್ತಿಯಾಗಿ ಹೇಳಿಕೊಳ್ಳಲಾರೆವು. ಒಳಗಿನಿಂದ ಗೃಹಿಣಿಯು, “ಹಿಂಡಿ ಹಾಕಿದ್ದನ್ನೂ ಹೇಳಿ” ಎಂದಳು.

ವೈದ್ಯರು ಚೀಲವನ್ನು ತರಿಸಿ, ಒಂದು ಹಿಡಿ ತೆಗೆದು, ಮೂಗಿನ ಬಳಿ ಹಿಡಿದು ಮೂಸಿದರು. ಆ ಕ್ಷಣ ನಮ್ಮ ಕಣ್ಣ ಮುಂದೆ ಕುಟ್ಟನಾಡಿನ ಏರಿಯೂ ಆ ವೃದ್ಧನೂ ನಿಂತಂತಾಯಿತು. ಬೂಷ್ಟಿನ ಒಂದು ಜಾತಿಯು ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವನ್ನುಂಟುಮಾಡುತ್ತದೆಂದೂ, 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳೂ ಅನೇಕ ಬಾತುಮರಿಗಳೂ ಸತ್ತಾಗಲೇ ಇದು ಬೆಳಕಿಗೆ ಬಂದಿತೆಂದೂ, ಸಾಕುಪಕ್ಷಿಗಳಲ್ಲೆಲ್ಲ ಬಾತುಮರಿಗಳಿಗೇ ಇದು ಅತಿ ಘೋರವೆಂದೂ ಅವರು ತಿಳಿಸಿದರು. ಒರೆಸಿದರೆ ಹೋಗದು, ಬೇಯಿಸಿದರೂ ಅಳಿಯದು. ಹಸುವಿಗೆ ಹಾಕಿದರೆ ಹಾಲಿನಲ್ಲಿಯೂ ಬರುವುದು. ಕಡೆಗೆ ನಾವು, “ಭಾನುವಾರ ಮಗು ನೀರಿಗೆ ಬಿಟ್ಟಿದ್ದಳು” ಎಂದೆವು. “ತಿಂಗಳ ಮರಿ ಅರ್ಧ ಗಳಿಗೆ ನೀರಲ್ಲಿ ಆಡಿದರೆ ಸಾಯುವುದಿಲ್ಲ. ಅದು ಅದರ ಜಾತಿಧರ್ಮ” ಎಂದು ಅವರು ನಕ್ಕರು.

ವೈದ್ಯರನ್ನು ಕಳುಹಿಸಿಕೊಟ್ಟು, ಹಿಂಡಿಯನ್ನು ಆಳವಾದ ಗುಂಡಿ ತೆಗೆದು ಹೂಳಿಸಿದೆವು. ಅದು ಸುಲಭವಾಗಿದ್ದಿತು. ಮೊಮ್ಮಗಳು ಜಗಲಿಯ ಮೇಲೆ ಕುಳಿತಿದ್ದಳು. 36 ವರ್ಷ ಮಕ್ಕಳ ಮುಂದೆ ನಿಂತು ಸತ್ಯವನ್ನೇ ಹೇಳಿರಿ ಎಂದು ಬೋಧಿಸಿದ ಬಾಯಿಗೆ ಆಗ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ಪಕ್ಕದಲ್ಲಿ ಕುಳಿತು, “ಮಗೂ, ಮರಿಗಳು ನೀರಿನಿಂದ ಸಾಯಲಿಲ್ಲ. ನಾನು ಹಾಕಿದ ಹಿಂಡಿಯಿಂದ ಸತ್ತವು. ನಿನ್ನದೇನೂ ತಪ್ಪಿಲ್ಲ. ನಾನು ಸುಮ್ಮನೆ ನಿನ್ನನ್ನು ಬೈದೆ” ಎಂದೆವು. ಅವಳು ಬಹಳ ಹೊತ್ತು ಯೋಚಿಸಿ, “ಹಾಗಾದರೆ ಉಳಿದ ಐದು ಬದುಕುತ್ತವೋ ಅಜ್ಜಾ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆವು. ಮೊಮ್ಮಗಳ ಪ್ರಶ್ನೆಗೆ ನಾವು ಗೊತ್ತಿಲ್ಲವೆಂದು ಉತ್ತರ ಹೇಳಿದುದು ಅದೇ ಮೊದಲು. ಅನಂತರ ಅವಳು ಎದ್ದುಹೋಗಿ ಅನ್ನ ಬಡಿಸಿಕೊಂಡಳು.

ಐದೂ ಬದುಕಿದುವು. ಎರಡು ತಿಂಗಳು ತುಂಬಿದ ಮೇಲೆ ವೈದ್ಯರು ಬಾತುಗಳ ಪ್ಲೇಗಿಗೆ ಲಸಿಕೆ ಹಾಕಿದರು. ದೊಡ್ಡವಾದಾಗ ಮೂರು ಹೆಣ್ಣು, ಎರಡು ಗಂಡು ಎಂದು ಗೊತ್ತಾಯಿತು. ಗಟ್ಟಿಯಾಗಿ ಕೂಗುವುದು ಹೆಣ್ಣು, ಗಂಟಲು ಕಟ್ಟಿದಂತೆ ಪಿಸುಗುಟ್ಟುವುದು ಗಂಡು, ಅದರ ಬಾಲದ ಮೇಲೆ ಸುರುಳಿಯ ಗರಿಯೂ ಬರುವುದು. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಹೆಚ್ಚಾದರೆ ಹೆಣ್ಣುಗಳಿಗೆ ಹಿಂಸೆ. ಮೊಟ್ಟೆ ಮಾತ್ರ ಬೇಕಾದವರಿಗೆ ಗಂಡೇ ಬೇಕಿಲ್ಲ. ಆದ್ದರಿಂದ ಒಂದನ್ನು ಹೆಚ್ಚು ಬಾತುಗಳಿರುವ ಮನೆಯೊಂದಕ್ಕೆ, ಸಾಕಿಕೊಳ್ಳುವೆವೆಂಬ ಮಾತಿನ ಮೇಲೆ ಕೊಟ್ಟೆವು. ರಾತ್ರಿ ಮುಂಗುಸಿ, ಪುನುಗುಬೆಕ್ಕುಗಳ ಭಯವಿರುವುದರಿಂದ ಗಟ್ಟಿ ಗೂಡು ಅವಶ್ಯ. ಎಳೆಯ ಸಸಿಗಳ ಮಡಿಗೆ ಬಾತನ್ನು ಬಿಡಬಾರದು, ಹುಳುವಿನೊಡನೆ ಸಸಿಯನ್ನೂ ತಿಂದು ತುಳಿಯುವುದು. ಬೆಳೆದ ಬಸಳೆಯ ಚಪ್ಪರದ ಕೆಳಗೆ, ಬಾಳೆಯ ಬುಡದಲ್ಲಿ ಬಿಟ್ಟರೆ ಬಸವನಹುಳುಗಳ ಸುಳಿವಿರದು. ಅವು ಆಡಿ ಕೆಡಿಸಿದ ತೊಟ್ಟಿಯ ನೀರು ಬಾಳೆಗೆ ಉತ್ತಮವಾದ ಗೊಬ್ಬರ. ಹಕ್ಕಿಗಳು ಒಮ್ಮೆಗೇ ಹಲವು ಸತ್ತರೆ ನಮ್ಮಂತೆ ಕಾರಣವನ್ನು ಊಹಿಸುತ್ತ ಕೂರದೆ ಅಂದೇ ವೈದ್ಯರಿಗೆ ತಿಳಿಸತಕ್ಕದ್ದು. ಸತ್ತವನ್ನು ಬರಿಗೈಯಿಂದ ಮುಟ್ಟಕೂಡದು.

ಕಾರ್ತಿಕ ಮಾಸ ಕಳೆದ ಮೇಲೆ ಒಂದು ಬೆಳಗ್ಗೆ ಗೂಡಿನ ಹೊಟ್ಟಿನಲ್ಲಿ ಮೊದಲ ಮೊಟ್ಟೆ ಇದ್ದಿತು. ಮೊಮ್ಮಗಳು ಅದನ್ನು ಎರಡು ಕೈಗಳಲ್ಲಿ ಹಿಡಿದು, ತೋಟದ ಕೆಲಸದಾಕೆ ಬರುವವರೆಗೆ ಅಂಗಳದಲ್ಲಿಯೇ ನಿಂತಿದ್ದಳು. ಆಕೆ ಸೆರಗಿನಲ್ಲಿ ಕಟ್ಟಿಕೊಂಡು, “ಚಿಕ್ಕವನಿಗೆ ಕೊಡ್ತೀನಿ, ಅಯ್ಯಾ” ಎಂದಳು. ಈಗ ವಾರದಲ್ಲಿ ಹೆಚ್ಚು ದಿನ ಆ ಮನೆಯ ಇಬ್ಬರು ಮಕ್ಕಳಿಗೂ ಒಂದೊಂದು ಸಲ್ಲುತ್ತಿದೆ.

ನೀರಿನಿಂದ ಹಾಲನ್ನು ಬೇರ್ಪಡಿಸುವ ನ್ಯಾಯವನ್ನು ಬಾಯಲ್ಲಿ ಹೇಳಿದವರಿಗೆ ಬೂಷ್ಟಿನಿಂದ ತಿನಿಸನ್ನು ಬೇರ್ಪಡಿಸುವುದು ತಿಳಿಯಲಿಲ್ಲ; ಓದುಬರೆಹ ಬಾರದ ಗಳುವಿನ ಮನುಷ್ಯನಿಗೆ ಅದು ಮೂಗಿನಲ್ಲಿಯೇ ಇದ್ದಿತು. ಈಗ ನಮ್ಮ ಮನೆಯಲ್ಲಿ ತಿನಿಸು ಹಾಕುವ ಅಧಿಕಾರ ಮೊಮ್ಮಗಳದು. ಒಂದೊಂದು ಹಿಡಿಯನ್ನೂ ಅವಳು ಮೊದಲು ಮೂಸುತ್ತಾಳೆ. ಅನಂತರ ನಮ್ಮ ಮೂಗಿಗೆ ಹಿಡಿಯುತ್ತಾಳೆ. ಇಬ್ಬರೂ ಸರಿಯೆಂದ ಮೇಲೆಯೇ ತಟ್ಟೆಗೆ. ಬರುವ ಬೇಸಗೆಯಲ್ಲಿ ಮತ್ತೆ ಆಲಪ್ಪುಳಕ್ಕೆ ಹೋಗಬೇಕೆಂದಿದ್ದೇವೆ. ಆ ವೃದ್ಧನು ಸಿಕ್ಕರೆ, ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಬೇಕು. ಉತ್ತರವು ನಮಗೆ ಗೊತ್ತಿದೆ. ಆದರೂ ಅವನ ಬಾಯಿಂದ ಕೇಳಬೇಕು.